ಸಿಗಡಿ ಮೊಟ್ಟೆಯೊಳಗಿನ ಕಣ್ಣು ಮತ್ತು ನನ್ನ ಇನ್ನೂರು ಮಸುಕು ಫೋಟೋಗಳು

ಗಾಜಿನ ಮೀನುತೊಟ್ಟಿಯಲ್ಲಿದ್ದ ಚೆರ್ರಿ ಸಿಗಡಿಯೊಂದು ಹೊಟ್ಟೆಯಡಿ ಮೊಟ್ಟೆ ಕಟ್ಟಿಕೊಂಡಾಗ ನನಗೆ ಫೋಟೋ ಹುಚ್ಚು ಹತ್ತಿತು. ಇಡೀ ಸಿಗಡಿಯೇ ಎರಡೂವರೆ ಸೆಂಟಿಮೀಟರ್. ಮೊಟ್ಟೆ ಒಂದೊಂದೂ ಸುಮಾರು ಒಂದು ಮಿಲಿಮೀಟರ್. ಮರಿ ಹೊರಬರುವ ದಿನ ಹತ್ತಿರವಾದಾಗ ಮೊಟ್ಟೆಯೊಳಗೆ ಕಪ್ಪು ಚುಕ್ಕೆ ಕಾಣಿಸುತ್ತದೆ. ಅದು ಮರಿಯ ಕಣ್ಣು. ನನಗೆ ಬೇಕಿದ್ದದ್ದು ಅದೇ. ಮೊಟ್ಟೆ ಕಟ್ಟಿದ ಮೇಲೆ ಮೂರು ನಾಲ್ಕು ವಾರ, ಅಷ್ಟರೊಳಗೆ ಕೆಲಸ ಆಗಬೇಕು.

ಮೊದಲ ಸಂಜೆ ತೊಟ್ಟಿಯ ದೀಪದ ಬೆಳಕಲ್ಲೇ ಇನ್ನೂರು ಫೋಟೋ ತೆಗೆದೆ. 1/60 ಶಟರ್ (ಸೆಕೆಂಡಿನ ಅರವತ್ತನೇ ಒಂದು ಭಾಗದಷ್ಟು ಹೊತ್ತು ಬೆಳಕು ಒಳಬಿಡುವುದು), ಎಫ್ 2.8 (ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ಹೆಚ್ಚಾದಷ್ಟೂ ಕಿಂಡಿ ಚಿಕ್ಕದು), ಐಎಸ್‌ಒ 800 (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ). ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲವೂ ಚೆನ್ನಾಗೇ ಕಂಡವು. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ಒಂದೂ ನೆಟ್ಟಗಿಲ್ಲ. ಶಾರ್ಪ್‌ನೆಸ್ ಜಾಸ್ತಿ ಮಾಡಿದೆ. ಮಸುಕಿನ ಸುತ್ತ ಬಿಳಿ ಅಂಚು ಬಂತೇ ಹೊರತು ಮೊಟ್ಟೆ ಸ್ಪಷ್ಟವಾಗಲಿಲ್ಲ.

ಎಲ್ಲ ಅಳಿಸಿಬಿಡೋಣ ಅಂದುಕೊಂಡವನು ಸುಮ್ನೆ ಒಂದೊಂದಾಗಿ ನೋಡುತ್ತಾ ಹೋದೆ. ಒಳ್ಳೆಯದಾಯಿತು. ಯಾಕೆಂದರೆ ಎಲ್ಲ ಮಸುಕೂ ಒಂದೇ ಥರ ಇರಲಿಲ್ಲ. ಕೆಲವು ಫೋಟೋಗಳಲ್ಲಿ ಕಲ್ಲು, ಪಾಚಿ, ಸಿಗಡಿ ಎಲ್ಲವೂ ಒಂದೇ ದಿಕ್ಕಿಗೆ ಎಳೆದ ಹಾಗಿದ್ದವು. ಅದು ನನ್ನ ಕೈ ಅಲ್ಲಾಡಿದ್ದು. ಕೆಲವದರಲ್ಲಿ ಸಿಗಡಿ ಮಂಜುಮಂಜು, ಆದರೆ ಗಾಜಿನ ಮೇಲಿನ ಗೀರು ಕೂದಲೆಳೆಯಷ್ಟು ಸ್ಪಷ್ಟ. ಅಂದರೆ ಫೋಕಸ್ ಗಾಜಿನ ಮೇಲೆ ಕೂತುಬಿಟ್ಟಿತ್ತು. ಇನ್ನು ಕೆಲವದರಲ್ಲಿ ಮೀಸೆಯ ಒಂದು ಬದಿಗೆ ನೀಲಿ, ಇನ್ನೊಂದು ಬದಿಗೆ ಕಿತ್ತಳೆ ಅಂಚು. ಇದು ಏನು ಅಂತ ತಿಳಿಯಲು ನನಗೆ ಎರಡು ದಿನ ಬೇಕಾಯಿತು.

ಆಮೇಲೆ ಒಂದು ಫೋಟೋ ಸಿಕ್ಕಿತು. ಸಿಗಡಿಯ ತಲೆ, ಕಣ್ಣು, ಮೀಸೆಯ ಬುಡ ಎಲ್ಲ ಚೊಕ್ಕ. ಮೊಟ್ಟೆಯ ಗೊಂಚಲು ಮಾತ್ರ ಹಳದಿ ಮುದ್ದೆ. ಪ್ರಾಣಿ ಕದಲದೆ ಕೂತಿತ್ತಲ್ಲ, ಇದು ಹೇಗೆ? ತೊಟ್ಟಿಯ ಮುಂದೆ ಹೋಗಿ ಕೂತು ನೋಡಿದೆ. ಸಿಗಡಿ ಕೂತಿದ್ದರೂ ಹೊಟ್ಟೆಯಡಿಯ ಈಜುಗಾಲುಗಳು ಬೀಸಣಿಗೆಯ ಹಾಗೆ ಆಡುತ್ತಲೇ ಇರುತ್ತವೆ. ಮೊಟ್ಟೆಗಳಿಗೆ ಹೊಸ ನೀರು, ಆಮ್ಲಜನಕ ಸಿಗಲಿ ಅಂತ ಅದು ಹಾಗೆ ಬೀಸುತ್ತದೆ. ಮೊಟ್ಟೆಗಳು ಅಂಟಿಕೊಂಡಿರುವುದು ಆ ಕಾಲುಗಳಿಗೇ. ನಾನು ಟ್ರೈಪಾಡ್ ಹಾಕಿ, ಕೈನಡುಕ ಸರಿದೂಗಿಸುವ ಸ್ಟೆಬಿಲೈಸೇಶನ್ ಆನ್ ಮಾಡಿ, ಉಸಿರು ಬಿಗಿಹಿಡಿದದ್ದೆಲ್ಲ ನನ್ನ ಕೈಗೆ ಮದ್ದು. ಸಿಗಡಿಯ ಕಾಲಿಗಲ್ಲ.

ಶಟರ್ ವೇಗ ಹೆಚ್ಚಿಸಬೇಕು ಅನ್ನುವುದು ಸರಿ. ಬೆಳಕು ಎಲ್ಲಿಂದ ತರುವುದು? ಮ್ಯಾಕ್ರೋದಲ್ಲಿ, ಅಂದರೆ ಚಿಕ್ಕ ವಸ್ತುವನ್ನು ತೀರಾ ಹತ್ತಿರದಿಂದ ತೆಗೆಯುವಾಗ, ಎರಡು ಕಡೆಯಿಂದ ಪೆಟ್ಟು. ವಸ್ತುವಿನಷ್ಟೇ ದೊಡ್ಡ ಚಿತ್ರ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಮೇಲೆ ಬೀಳುವಷ್ಟು ಹತ್ತಿರ ಹೋದರೆ, ಅಂದರೆ 1:1ರಲ್ಲಿ, ಸೆನ್ಸರಿಗೆ ತಲುಪುವ ಬೆಳಕು ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಎಫ್ 2.8ರಲ್ಲಿ ಸ್ಪಷ್ಟವಾಗಿ ಕಾಣುವ ಆಳ ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ ಮಿಲಿಮೀಟರಿನ ಮೂರನೇ ಒಂದು ಭಾಗ ಮಾತ್ರ. ಒಂದು ಮೊಟ್ಟೆಯೂ ಪೂರ್ತಿ ಹಿಡಿಸುವುದಿಲ್ಲ! ಎಫ್ 11ಕ್ಕೆ ಹೋದರೆ ಆಳ ಒಂದು ಮಿಲಿಮೀಟರ್ ದಾಟುತ್ತದೆ, ಆದರೆ ಬೆಳಕು ಇನ್ನೂ ನಾಲ್ಕು ಸ್ಟಾಪ್ ಕಡಿಮೆ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧಕ್ಕಿಳಿಯುತ್ತದೆ). ಆಸೆಬಿದ್ದು ಎಫ್ 22 ಕೂಡ ನೋಡಿದೆ. ಅಲ್ಲಿ ಡಿಫ್ರ್ಯಾಕ್ಷನ್‌ನಿಂದ (ಚಿಕ್ಕ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುವುದರಿಂದ) ಇಡೀ ಫೋಟೋನೇ ಸಪ್ಪೆ.

ಕೊನೆಗೆ ದಾರಿ ತೋರಿಸಿದ್ದು ಫ್ಲ್ಯಾಶ್. ಕ್ಯಾಮೆರಾ ಮೇಲೆ ಕೂರಿಸಿದರೆ ಗಾಜಿನಲ್ಲಿ ಬಿಳಿ ಮಚ್ಚೆ ಬಿಟ್ಟು ಬೇರೇನೂ ಕಾಣಲ್ಲ. ಅದನ್ನು ಬಿಚ್ಚಿ ತೊಟ್ಟಿಯ ಮೇಲಿಟ್ಟೆ. ತೊಟ್ಟಿಗೆ ಗಾಜಿನ ಮುಚ್ಚಳ ಹಾಕಿ, ಅದರ ಮೇಲೆ ಬಿಳಿ ಕಾಗದ ಹಾಸಿ, ಫ್ಲ್ಯಾಶ್ ಮುಖ ಕೆಳಗೆ ಮಾಡಿ ಸ್ವಲ್ಪ ಮುಂದಕ್ಕೆ ವಾಲಿಸಿದೆ. ಮುಚ್ಚಳ ಇಲ್ಲದೆ ಈ ಸಾಹಸ ಬೇಡ, ಫ್ಲ್ಯಾಶ್ ನೀರಿಗೆ ಬಿದ್ದರೆ ಕಥೆ ಮುಗಿಯಿತು. ಮೇಲಿಂದ ಬರುವ ಬೆಳಕು ಗಾಜಿನಲ್ಲಿ ಪ್ರತಿಫಲಿಸಿ ಲೆನ್ಸಿಗೆ ಬರುವುದಿಲ್ಲ. ಕ್ಯಾಮೆರಾದಿಂದ ಬಿಚ್ಚಿಟ್ಟ ಫ್ಲ್ಯಾಶನ್ನು ತಂತಿಯಿಲ್ಲದೆ ಮಿಂಚಿಸುವ ವೈರ್‌ಲೆಸ್ ಟ್ರಿಗರ್ ಇದ್ದರೆ ಸಾಕು.

ಸೆಟ್ಟಿಂಗ್ ಹೀಗಿತ್ತು: ಮ್ಯಾನುಯಲ್, 1/200, ಎಫ್ 11, ಐಎಸ್‌ಒ 400, ಫ್ಲ್ಯಾಶ್ ಶಕ್ತಿ 1/16. ಮೊದಲು ಫ್ಲ್ಯಾಶ್ ಆಫ್ ಮಾಡಿ ಒಂದು ಫೋಟೋ ತೆಗೆಯುತ್ತಿದ್ದೆ. ಅದು ಹೆಚ್ಚುಕಡಿಮೆ ಕಪ್ಪಾಗಿ ಬರಬೇಕು. ಹಾಗೆ ಬಂದರೆ ತೊಟ್ಟಿಯ ದೀಪ ಚಿತ್ರಕ್ಕೆ ಏನೂ ಕೊಡುತ್ತಿಲ್ಲ, ಬೆಳಕೆಲ್ಲ ಫ್ಲ್ಯಾಶಿನದೇ ಅಂತ ಲೆಕ್ಕ. ಶಕ್ತಿ ಇಳಿಸಿದಷ್ಟೂ ಫ್ಲ್ಯಾಶ್ ಮಿಂಚುವ ಹೊತ್ತು ಚಿಕ್ಕದಾಗುತ್ತದೆ, ಸೆಕೆಂಡಿನ ಸಾವಿರಾರು ಭಾಗಗಳಲ್ಲಿ ಒಂದು ಭಾಗ. ಈಜುಗಾಲು ನಿಂತೇಬಿಟ್ಟಿತು ಅನ್ನಿಸುವ ಹಾಗೆ ಫೋಟೋ ಬಂತು. ತೊಟ್ಟಿಯ ದೀಪ ಮಾತ್ರ ಉರಿಯುತ್ತಲೇ ಇರಲಿ. ಕತ್ತಲಲ್ಲಿ ಧಿಡೀರನೆ ಮಿಂಚಿದರೆ ಮೀನುಗಳು ಬೆದರುತ್ತವೆ.

ಆ ನೀಲಿ ಕಿತ್ತಳೆ ಅಂಚು? ಅದು ಗಾಜು ಮತ್ತು ನೀರಿನ ಆಟ. ಓರೆಯಾಗಿ ನೋಡಿದಾಗ ಬೇರೆಬೇರೆ ಬಣ್ಣದ ಬೆಳಕು ಬೇರೆಬೇರೆ ಪ್ರಮಾಣದಲ್ಲಿ ಬಾಗುತ್ತದೆ. ಲೆನ್ಸ್ ಗಾಜಿಗೆ ನೇರವಾಗಿದ್ದರೆ ಈ ತೊಂದರೆ ಬಹುಪಾಲು ಇಲ್ಲ. ಸಿಗಡಿ ಓರೆಯಾಗಿ ಕೂತಿದ್ದರೆ ಕ್ಯಾಮೆರಾ ತಿರುಗಿಸುವುದಲ್ಲ, ಅದು ತಿರುಗುವ ತನಕ ಕಾಯುವುದು. ಲೆನ್ಸಿಗೆ ರಬ್ಬರ್ ಹುಡ್ ಹಾಕಿ ಗಾಜಿಗೆ ಒತ್ತಿ ಹಿಡಿದರೆ ಕೋಣೆಯ ಪ್ರತಿಬಿಂಬವೂ ಹೋಗುತ್ತದೆ, ಕೈಗೂ ಆಸರೆ. ಮನೆಯಲ್ಲಿ ಎಲ್ಲರೂ ನನ್ನನ್ನು ನೋಡಿ "ಗಾಜಿಗೆ ಅಂಟಿಕೊಂಡಿರೋದು ಬಸವನಹುಳನೋ, ನೀನೋ" ಅಂತ ನಗುತ್ತಿದ್ದರು.

ಆಟೋಫೋಕಸ್ ಬಿಟ್ಟೇಬಿಟ್ಟೆ. ಅಷ್ಟು ಹತ್ತಿರದಲ್ಲಿ ಅದು ಹಿಂದೆ ಮುಂದೆ ತಡಕಾಡುತ್ತದೆ. ಫೋಕಸ್ ಒಂದು ದೂರಕ್ಕೆ ಕಟ್ಟಿ, ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ತೂಗುತ್ತಾ ಮೊಟ್ಟೆ ಸ್ಪಷ್ಟವಾದ ಕ್ಷಣಕ್ಕೆ ಕ್ಲಿಕ್. ಹತ್ತರಲ್ಲಿ ಒಂದು ಸಿಕ್ಕರೆ ದೊಡ್ಡದು. ಗಾಜಿನ ಒಳಮೈಯ ಪಾಚಿ ಹಿಂದಿನ ದಿನವೇ ಉಜ್ಜಿರಬೇಕು. ಅದೇ ಹೊತ್ತಿಗೆ ಉಜ್ಜಿದರೆ ನೀರಲ್ಲಿ ಪುಡಿ ತೇಲುತ್ತದೆ, ಫ್ಲ್ಯಾಶಿಗೆ ಅದು ಹಿಮದ ಹಾಗೆ ಹೊಳೆಯುತ್ತದೆ.

ಫೋನಿನಲ್ಲಿ ತೆಗೆಯುವವರಿಗೆ ಎರಡೇ ಮಾತು. ನೈಟ್ ಮೋಡ್ ಆಫ್ ಮಾಡಿ, ಅದು ಹೆಚ್ಚು ಹೊತ್ತು ಬೆಳಕು ಕೂಡಿಸುತ್ತದೆ, ಅಷ್ಟರಲ್ಲಿ ಮೀನು ಪಕ್ಕದ ಗಿಡ ಸೇರಿರುತ್ತದೆ. ಇನ್ನೊಂದು, ತೀರಾ ಹತ್ತಿರ ಹಿಡಿಯಬೇಡಿ. ಸ್ವಲ್ಪ ಹಿಂದೆ ಸರಿದು ತೆಗೆದು ಆಮೇಲೆ ಕತ್ತರಿಸಿಕೊಳ್ಳುವುದು ವಾಸಿ. ಚಿತ್ರದಲ್ಲಿ ಕಾಳುಕಾಳು ಬಂದರೂ ಪರವಾಗಿಲ್ಲ, ಅದನ್ನು ನಯ ಮಾಡಬಹುದು. ಎಳೆದುಹೋದ ಮೀನನ್ನು ಸರಿಮಾಡುವುದು ನನ್ನ ಕೈಲಂತೂ ಆಗಿಲ್ಲ.

ಇಪ್ಪತ್ತನಾಲ್ಕನೇ ದಿನ ಅರವತ್ತು ಕ್ಲಿಕ್ಕಿನಲ್ಲಿ ಒಂದು ಸಿಕ್ಕಿತು. ಏಳು ಮೊಟ್ಟೆ ಸ್ಪಷ್ಟ, ಐದರಲ್ಲಿ ಕಣ್ಣು. ಮಾರನೆಯ ಬೆಳಿಗ್ಗೆ ಸಿಗಡಿಯ ಹೊಟ್ಟೆ ಖಾಲಿ. ಪಾಚಿಯ ಮೇಲೆ ಎರಡು ಮಿಲಿಮೀಟರಿನ ಮರಿಗಳು, ಮೈ ಪೂರ್ತಿ ಪಾರದರ್ಶಕ. ಒಂದು ಗಂಟೆ ಗಾಜಿಗೆ ಅಂಟಿಕೊಂಡು ಕೂತೆ. ಕಾರ್ಡಿನ ತುಂಬಾ ಪಾಚಿಯ ಫೋಟೋಗಳೇ.