ಗಾಳಿ ಹಿಡಿಸಿದ್ರೂ ಆರದ ಟೈರ್ ಲೈಟು: ನನ್ನ ಅನುಭವ

ಲಾಳದ ಆಕಾರದ ಹಳದಿ ಲೈಟು, ಒಳಗೊಂದು ಆಶ್ಚರ್ಯಸೂಚಕ ಚಿಹ್ನೆ, ಅಂದ್ರೆ ಟೈರಲ್ಲಿ ಗಾಳಿ ಕಮ್ಮಿ ಅಂತ. ಬೆಳಗ್ಗೆ ಮಂಡ್ಯ ಬಿಟ್ರೆ ಶ್ರೀರಂಗಪಟ್ಟಣ ದಾಟೋಷ್ಟರಲ್ಲಿ ಹತ್ಕೊಳ್ಳೋದು, ಪಂಕ್ಚರ್ ಇಲ್ಲ, ಮೊಳೆ ಇಲ್ಲ.

ಮೈಸೂರಲ್ಲಿ ಬಂಕಿಗೆ ಹೋಗಿ ಮೂರು ಸಲ ಗಾಳಿ ಹಿಡಿಸ್ದೆ, ಹೋಗ್ಲಿಲ್ಲ. ಬ್ಯಾಟರಿ ಟರ್ಮಿನಲ್ ಬಿಚ್ಚಿ ಹಾಕ್ದೆ, ಗಡಿಯಾರ ಸೊನ್ನೆಗೆ ಬಂತು ಅಷ್ಟೇ. ಗ್ಯಾರೇಜಲ್ಲಿ ಒಬ್ರು ಟೈರೊಳಗಿನ ಸೆನ್ಸರ್ ಬದಲಾಯ್ಸಿ ಅಂದ್ರು, ನನ್ನ ಗಾಡೀಲಿ ಟೈರೊಳಗೆ ಸೆನ್ಸರೇ ಇಲ್ಲ, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳೋ ವ್ಯವಸ್ಥೆ) ಸ್ಪೀಡ್ ಸೆನ್ಸರಿಂದ ಯಾವ ಚಕ್ರ ಜಾಸ್ತಿ ಸುತ್ತು ಸುತ್ತುತ್ತೆ ಅಂತ ಲೆಕ್ಕ ಹಾಕಿ ಗಾಳಿ ಕಮ್ಮಿಯಾಗಿದ್ದನ್ನ ಹಿಡಿಯೋ ಥರದ್ದು.

ತಪ್ಪು ನಂದೇ. ನಲವತ್ತು ಕಿಲೋಮೀಟರ್ ಓಡಿ ಬಿಸಿಯಾದ ಟೈರಿಗೆ 33 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಹಿಡಿಸಿದ್ರೆ ಬೆಳಗ್ಗೆ ತಣ್ಣಗಾದಾಗ 29-30ಕ್ಕೆ ಇಳಿದಿರುತ್ತೆ, ಮೇಲಾಗಿ ಈಗಿರೋ ಗಾಳೀನೇ ಸರಿ ಅಂತ ಗಾಡಿಗೆ ತಿಳಿಸೋ ರೀಸೆಟ್ ಒಂದ್ಸಲಾನೂ ಮಾಡಿರ್ಲಿಲ್ಲ.

ರಾತ್ರಿ ನಿಲ್ಸಿದ ಗಾಡೀನ ಅಲ್ಲಾಡಿಸದೆ ಬೆಳಗ್ಗೆ ಮನೆ ಮುಂದೇನೇ ಸಣ್ಣ ಪಂಪಲ್ಲಿ ನಾಲ್ಕಕ್ಕೂ 33 ಪಿಎಸ್‌ಐ ಮಾಡ್ದೆ, ಈ ಅಂಕಿ ಡ್ರೈವರ್ ಬಾಗಿಲು ತೆಗೆದ್ರೆ ಕಾಣೋ ಸ್ಟಿಕ್ಕರಲ್ಲಿರುತ್ತೆ, ಟೈರ್ ಮೇಲೆ ಅಚ್ಚಾಗಿರೋದು ಗರಿಷ್ಠ, ಅದನ್ನ ನೋಡ್ಬೇಡಿ. ಆಮೇಲೆ ಗಾಡಿ ನಿಂತಿರೋವಾಗ್ಲೇ ಇಗ್ನಿಷನ್ ಆನ್, ಸ್ಟೀರಿಂಗ್ ಎಡಗಡೆ ಕೆಳಗಿರೋ ಅದೇ ಚಿತ್ರದ ರೀಸೆಟ್ ಬಟನ್ನು, ಲೈಟು ಮಿನುಗೋವರೆಗೂ ಒತ್ತಿ ಹಿಡ್ಕೊಂಡು ಬಿಟ್ಟೆ. ಅಲ್ಲಿಂದ ಒಂದೇ ಹದದಲ್ಲಿ ಅರ್ಧ ಗಂಟೆ ಓಡಿಸ್ದೆ. ಮತ್ತೆ ಬಂದಿಲ್ಲ.

ಆದ್ರೆ ಸ್ಟಾರ್ಟ್ ಮಾಡಿದ ತಕ್ಷಣ ಒಂದು ನಿಮಿಷ ಮಿನುಗಿ ಆಮೇಲೆ ಹಾಗೇ ಉರೀತಿದ್ರೆ ಅದು ಗಾಳಿ ಕಥೆ ಅಲ್ಲ, ಸಿಸ್ಟಮ್ಮೇ ಕೆಟ್ಟಿರುತ್ತೆ, ಗ್ಯಾರೇಜಲ್ಲಿ ದೋಷ ಓದೋ ಸ್ಕ್ಯಾನರ್ ಹಾಕಿಸ್ಬೇಕು.