ಆರ್‌ಎಚ್‌ಸಿಎಸ್‌ಎ ಪಡೆದು ಆರ್‌ಎಚ್‌ಸಿಇಗೆ ಏರುವುದು

ಲಿನಕ್ಸ್ ಕಂಪನಿ ರೆಡ್ ಹ್ಯಾಟ್‌ನ ಆರ್‌ಎಚ್‌ಸಿಎಸ್‌ಎ (ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಪ್ರಮಾಣಪತ್ರ) ಪರೀಕ್ಷೆಯಲ್ಲಿ ಟಿಕ್ ಹಾಕುವ ಪ್ರಶ್ನೆಗಳಿಲ್ಲ. ಸರ್ವರ್ ಮೇಲೆ ಕೆಲಸ ಮಾಡಿಯೇ ತೋರಿಸಬೇಕು. 300ಕ್ಕೆ 210 ಅಂಕ ಬಂದರೆ ಪಾಸ್. ಹಾಗಾಗಿ ನಿಮ್ಮ ಕಂಪ್ಯೂಟರ್‌ನೊಳಗೇ ಓಡುವ ಎರಡು ವರ್ಚುವಲ್ ಮಷೀನ್ ಹಾಕಿಕೊಂಡು ದಿನವೂ ಕೈ ಪಳಗಿಸಿ.

ಅಂಕ ಸೋರಿಹೋಗುವುದು ರೀಬೂಟ್‌ನಲ್ಲಿ. ಮೌಲ್ಯಮಾಪನ ನಡೆಯುವುದೇ ಅದರ ನಂತರ. ಫೈರ್‌ವಾಲ್ ನಿಯಮಕ್ಕೆ ‘--ಪರ್ಮನೆಂಟ್’ ಕೊಡದಿದ್ದರೆ ಅದು ಅಳಿಸಿಹೋಗುತ್ತದೆ. ಸರ್ವಿಸ್ ಸ್ಟಾರ್ಟ್ ಮಾಡಿ ಎನೇಬಲ್ ಮಾಡದಿದ್ದರೆ ಮತ್ತೆ ಏಳುವುದಿಲ್ಲ. ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಯುಯುಐಡಿಯ (ಡಿಸ್ಕ್ ಭಾಗದ ಗುರುತಿನ) ಒಂದಕ್ಷರ ತಪ್ಪಿದರೂ ಮಷೀನ್ ಎಮರ್ಜೆನ್ಸಿ ಮೋಡ್‌ಗೆ ಬೀಳಬಹುದು. ತಿದ್ದಿದ ಕೂಡಲೇ ‘ಮೌಂಟ್ -ಎ’ ಕೊಟ್ಟು ಎಲ್ಲ ಮೌಂಟ್ ಆಗುತ್ತವೆಯೇ ನೋಡಿ, ಆಮೇಲೆ ರೀಬೂಟ್ ಮಾಡಿ.

ಮುಂದಿನ ಮೆಟ್ಟಿಲು ಆರ್‌ಎಚ್‌ಸಿಇ (ಎಂಜಿನಿಯರ್ ಪ್ರಮಾಣಪತ್ರ). ಅದರ ಜೀವಾಳ ಆನ್ಸಿಬಲ್, ಅಂದರೆ ಹಲವು ಸರ್ವರ್‌ಗಳ ಕೆಲಸವನ್ನು ತಾನೇ ಮಾಡುವ ಸಾಧನ. ಪ್ಲೇಬುಕ್ (ಆನ್ಸಿಬಲ್‌ಗೆ ಕೊಡುವ ಕೆಲಸಗಳ ಪಟ್ಟಿ) ಎರಡನೇ ಸಲ ಓಡಿಸಿದಾಗ ‘ಚೇಂಜ್ಡ್’ (ಬದಲಾದವುಗಳ ಲೆಕ್ಕ) ಸೊನ್ನೆಯೇ ಬರುವಂತೆ ಬರೆಯಿರಿ. ಆರ್‌ಎಚ್‌ಸಿಎಸ್‌ಎ ಪ್ರಮಾಣಪತ್ರದ ಅವಧಿ 3 ವರ್ಷ. ಅದರೊಳಗೇ ಆರ್‌ಎಚ್‌ಸಿಇ ಪಾಸಾದರೆ ಆರ್‌ಎಚ್‌ಸಿಎಸ್‌ಎ ಕೂಡ ನವೀಕರಣವಾಗುತ್ತದೆ.