ಆನ್ಸಿಬಲ್‌ನಿಂದ ಕುಬರ್ನೆಟಿಸ್ ನಿರ್ವಹಣೆ: ‘ಚೇಂಜ್ಡ್’ ಬಂದ ಮಾತ್ರಕ್ಕೆ ಕೆಲಸ ಮುಗಿದಿರುವುದಿಲ್ಲ

ಪ್ಲೇಬುಕ್ (ಆನ್ಸಿಬಲ್ ಎಂಬ ಯಾಂತ್ರೀಕರಣ ಸಾಧನಕ್ಕೆ ಕೊಡುವ ಕೆಲಸಗಳ ಪಟ್ಟಿ) ಓಡಿ ಮುಗಿದಿದೆ. ಎಲ್ಲ ಟಾಸ್ಕ್‌ಗಳೂ ಹಳದಿ ಬಣ್ಣದಲ್ಲಿ ‘ಚೇಂಜ್ಡ್’ ಎಂದಿವೆ, ಕೆಂಪು ಸಾಲು ಒಂದೂ ಇಲ್ಲ. ಆದರೆ ಕುಬರ್ನೆಟಿಸ್ ಕ್ಲಸ್ಟರ್‌ನಲ್ಲಿ (ಕಂಟೇನರ್‌ಗಳನ್ನು ಓಡಿಸುವ ಯಂತ್ರಗಳ ಗುಂಪು) ನಮ್ಮ ನೇಮ್‌ಸ್ಪೇಸ್, ಅಂದರೆ ನಮಗೆ ಬೇರ್ಪಡಿಸಿದ ಜಾಗ, ತೆರೆದು ನೋಡಿದರೆ ಒಂದು ಪಾಡ್ (ಕಂಟೇನರ್‌ಗಳನ್ನು ಹೊತ್ತ ಅತಿ ಸಣ್ಣ ಘಟಕ) ಕೂಡ ಇಲ್ಲ. ಆನ್ಸಿಬಲ್ ಇಲ್ಲಿ ಸುಳ್ಳು ಹೇಳಿಲ್ಲ. ಡಿಪ್ಲಾಯ್‌ಮೆಂಟ್ (ಯಾವ ಪಾಡ್ ಎಷ್ಟು ಬೇಕೆಂಬ ವಿವರಣೆ) ಒಂದನ್ನು ಕಳಿಸಿದಾಗ ಕುಬರ್ನೆಟಿಸ್‌ನ ಎಪಿಐ ಸರ್ವರ್ ಅದನ್ನು ಬರೆದಿಟ್ಟುಕೊಂಡು ‘ಸರಿ’ ಎನ್ನುತ್ತದೆ, ಅಷ್ಟೆ. ಪಾಡ್‌ಗಳನ್ನು ಎಬ್ಬಿಸುವುದು ಆಮೇಲೆ ಕಂಟ್ರೋಲರ್‌ಗಳು ಮಾಡುವ ಕೆಲಸ. ಈ ಎರಡರ ನಡುವಿನ ಅಂತರವನ್ನು ಪ್ಲೇಬುಕ್‌ಗೆ ಅರ್ಥ ಮಾಡಿಸುವುದೇ ಇಲ್ಲಿನ ಮುಖ್ಯ ಕೆಲಸ. ಉಳಿದದ್ದು ಯಾಮಲ್ (ಈ ವಿವರಣೆಗಳನ್ನು ಬರೆಯುವ ಪಠ್ಯ ರೂಪ) ಬರೆಯುವ ಅಭ್ಯಾಸ.

ಒಂದು ತಂಡಕ್ಕೆ ನೇಮ್‌ಸ್ಪೇಸ್ ಮಾಡಿಕೊಟ್ಟು, ಅದಕ್ಕೆ ಸಿಪಿಯು ಮತ್ತು ಮೆಮೊರಿಯ ಮಿತಿ ಹಾಕಿ, ಒಂದು ಸೇವೆಯನ್ನು ಏರಿಸಿ, ಕೊನೆಗೆ ನೋಡ್ (ಕ್ಲಸ್ಟರ್‌ನ ಒಂದು ಯಂತ್ರ) ಖಾಲಿ ಮಾಡುವವರೆಗಿನ ದಾರಿ ಮುಂದಿದೆ. ಕೀಲಿಗಳ ಹೆಸರನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದರೂ ಫೈಲಿನಲ್ಲಿ ಅವು ಇಂಗ್ಲಿಷ್‌ನಲ್ಲೇ ಇರಬೇಕು.

ಮೊದಲು ಬೇಕಾದದ್ದು

ಆನ್ಸಿಬಲ್ ಮಾಡ್ಯೂಲ್‌ಗಳ ಕಟ್ಟಿಗೆ ಕಲೆಕ್ಷನ್ ಎನ್ನುತ್ತಾರೆ; ಇಲ್ಲಿ ಬೇಕಾದದ್ದರ ಹೆಸರು ‘ಕುಬರ್ನೆಟಿಸ್.ಕೋರ್’. ಹಳೆಯ ಬರಹಗಳಲ್ಲಿ ಕಾಣುವ ‘ಕಮ್ಯುನಿಟಿ.ಕುಬರ್ನೆಟಿಸ್’ ಇದರ ಹಿಂದಿನ ಹೆಸರು. ಹೊಸದಾಗಿ ಶುರು ಮಾಡುವವರು ಅತ್ತ ಹೋಗಬೇಕಿಲ್ಲ. ‘ಆನ್ಸಿಬಲ್-ಗ್ಯಾಲಕ್ಸಿ’ ಆಜ್ಞೆಯಿಂದ ಇದನ್ನು ಹಾಕಿಕೊಳ್ಳಿ. ಆವೃತ್ತಿಯ ಸಂಖ್ಯೆಯನ್ನು ರಿಕ್ವೈರ್‌ಮೆಂಟ್ಸ್ ಫೈಲಿನಲ್ಲಿ ಗಟ್ಟಿಯಾಗಿ ಬರೆದಿಡಿ, ಇಲ್ಲದಿದ್ದರೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಒಂದು ಆವೃತ್ತಿ, ಸಿಐ (ಕೋಡನ್ನು ತಾನಾಗಿ ಪರೀಕ್ಷಿಸುವ) ಸರ್ವರ್‌ನಲ್ಲಿ ಇನ್ನೊಂದು ಆವೃತ್ತಿ ಕೂತಿರುತ್ತದೆ. ಜೊತೆಗೆ ‘ಕುಬರ್ನೆಟಿಸ್’, ‘ಪೈಯಾಮಲ್’, ‘ಜೇಸನ್‌ಪ್ಯಾಚ್’ ಎಂಬ ಪೈಥಾನ್ ಲೈಬ್ರರಿಗಳು ಬೇಕು.

ಈ ಮಾಡ್ಯೂಲ್‌ಗಳು ನೋಡ್‌ಗಳಿಗೆ ಎಸ್‌ಎಸ್‌ಎಚ್ ಮೂಲಕ ಹೋಗುವುದಿಲ್ಲ. ಟಾಸ್ಕ್ ಎಲ್ಲಿ ಓಡುತ್ತದೋ ಅಲ್ಲಿಂದ ಎಪಿಐ ಸರ್ವರ್‌ಗೆ ಮಾತಾಡುತ್ತವೆ. ಹಾಗಾಗಿ ಪ್ಲೇಯ ‘ಹೋಸ್ಟ್ಸ್’ ಲೋಕಲ್‌ಹೋಸ್ಟ್ ಆಗಿರಲಿ, ‘ಕನೆಕ್ಷನ್’ ಲೋಕಲ್ ಆಗಿರಲಿ. ಇಲ್ಲಿ ‘ಗ್ಯಾದರ್ ಫ್ಯಾಕ್ಟ್ಸ್’ನಿಂದ (ಯಂತ್ರದ ಮಾಹಿತಿ ಸಂಗ್ರಹ) ಪ್ರಯೋಜನವಿಲ್ಲ, ಆರಿಸಿಬಿಡಿ.

ಮೊದಲ ದಿನವೇ ಎದುರಾಗುವ ತೊಂದರೆ ಒಂದಿದೆ: ಲೈಬ್ರರಿ ಹಾಕಿದ್ದರೂ ‘ಕುಬರ್ನೆಟಿಸ್ ಲೈಬ್ರರಿ ಸಿಗಲಿಲ್ಲ’ ಎಂಬ ದೂರು. ನೀವು ಲೈಬ್ರರಿ ಹಾಕಿದ್ದು ವರ್ಚುವಲ್ ಎನ್ವಿರಾನ್‌ಮೆಂಟ್‌ನಲ್ಲಿ, ಮಾಡ್ಯೂಲ್ ಓಡುತ್ತಿರುವುದು ಸಿಸ್ಟಮ್‌ನ ಪೈಥಾನ್‌ನಲ್ಲಿ. ಲೋಕಲ್‌ಹೋಸ್ಟ್ ಅನ್ನು ಇನ್ವೆಂಟರಿಯಲ್ಲಿ (ಆನ್ಸಿಬಲ್‌ನ ಯಂತ್ರಗಳ ಪಟ್ಟಿ) ಬರೆಯದಿದ್ದರೆ ಆನ್ಸಿಬಲ್ ತಾನು ಓಡುತ್ತಿರುವ ಪೈಥಾನನ್ನೇ ಬಳಸುತ್ತದೆ. ಯಾರಾದರೂ ಇನ್ವೆಂಟರಿಗೆ ಅದನ್ನು ಸೇರಿಸಿದ ಕೂಡಲೇ ಈ ಅನುಕೂಲ ತಪ್ಪುತ್ತದೆ. ಆಗ ‘ಆನ್ಸಿಬಲ್_ಪೈಥಾನ್_ಇಂಟರ್‌ಪ್ರಿಟರ್’ಗೆ ‘ಆನ್ಸಿಬಲ್_ಪ್ಲೇಬುಕ್_ಪೈಥಾನ್’ ಎಂಬ ವೇರಿಯಬಲ್‌ನ ಬೆಲೆಯನ್ನು ಕೊಡಿ, ಸರಿಹೋಗುತ್ತದೆ.

ಇನ್ನು ಕಾಂಟೆಕ್ಸ್ಟ್, ಅಂದರೆ ಯಾವ ಕ್ಲಸ್ಟರ್‌ಗೆ ಯಾರಾಗಿ ಹೋಗಬೇಕೆಂಬ ಆಯ್ಕೆ. ಕ್ಲಸ್ಟರ್‌ಗಳ ವಿಳಾಸವಿರುವ ಕ್ಯೂಬ್‌ಕಾನ್ಫಿಗ್ ಫೈಲಿನಲ್ಲಿ ‘ಈಗಿನ ಕಾಂಟೆಕ್ಸ್ಟ್’ ಯಾವುದಿದೆಯೋ ಅದೇ ಕ್ಲಸ್ಟರ್‌ಗೆ ಪ್ಲೇಬುಕ್ ಹೋಗುತ್ತದೆ. ಪಕ್ಕದ ಟರ್ಮಿನಲ್‌ನಲ್ಲಿ ಯಾರೋ ಪ್ರೊಡಕ್ಷನ್‌ಗೆ ಬದಲಿಸಿದ್ದರೆ ನಿಮ್ಮ ಪರೀಕ್ಷೆಯೂ ಪ್ರೊಡಕ್ಷನ್‌ಗೇ ಹೋಗುತ್ತದೆ. ‘ಮಾಡ್ಯೂಲ್_ಡಿಫಾಲ್ಟ್ಸ್’ನಲ್ಲಿ ಈ ಕಲೆಕ್ಷನ್‌ನ ಗುಂಪಿಗೆ ‘ಕ್ಯೂಬ್‌ಕಾನ್ಫಿಗ್’ ಮತ್ತು ‘ಕಾಂಟೆಕ್ಸ್ಟ್’ ಎರಡನ್ನೂ ಒಮ್ಮೆ ಬರೆದಿಡಿ. ಕಾಂಟೆಕ್ಸ್ಟ್ ವೇರಿಯಬಲ್‌ಗೆ ಡಿಫಾಲ್ಟ್ ಬೆಲೆ ಮಾತ್ರ ಬೇಡ. ಕೊಡಲು ಮರೆತರೆ ಪ್ಲೇಬುಕ್ ಅಲ್ಲೇ ನಿಲ್ಲುವುದು ಒಳ್ಳೆಯದು.

ನೇಮ್‌ಸ್ಪೇಸ್, ಲಿಮಿಟ್‌ರೇಂಜ್, ಕೋಟಾ: ಈ ಕ್ರಮದಲ್ಲೇ

‘ಕೆ8ಎಸ್’ ಮಾಡ್ಯೂಲ್‌ಗೆ ‘ಸ್ಟೇಟ್’ ಪ್ರೆಸೆಂಟ್ ಎಂದು ಕೊಟ್ಟು, ‘ಡೆಫಿನಿಷನ್’, ‘ಎಸ್‌ಆರ್‌ಸಿ’ ಅಥವಾ ‘ಟೆಂಪ್ಲೇಟ್’ ಮೂಲಕ ಯಾಮಲ್ ಒದಗಿಸಿ. ಮೂರು ಅಡ್ಡಗೆರೆಗಳಿಂದ ಬೇರ್ಪಡಿಸಿದ ಹಲವು ಆಬ್ಜೆಕ್ಟ್‌ಗಳನ್ನು ಒಂದೇ ಫೈಲಿನಲ್ಲಿ ಇಡಬಹುದು, ಇಡಬೇಕು ಕೂಡ. ಲೂಪ್ ಹಾಕಿ 30 ಫೈಲುಗಳನ್ನು ಒಂದೊಂದಾಗಿ ಕಳಿಸಿದರೆ ಪ್ರತಿ ಸುತ್ತಿಗೂ ಹೊಸ ಪೈಥಾನ್ ಪ್ರಕ್ರಿಯೆ ಎದ್ದು, ಎಪಿಐ ಸರ್ವರ್‌ಗೆ ಹೊಸದಾಗಿ ಸಂಪರ್ಕ ಬೆಳೆಸುತ್ತದೆ. ಕಾದು ಸುಸ್ತಾಗುವುದು ನೀವೇ.

ಒಂದು ಸಣ್ಣ ತಂಡದ ನೇಮ್‌ಸ್ಪೇಸ್‌ಗೆ ಹೀಗೊಂದು ಲೆಕ್ಕ ಹಾಕೋಣ. ಲಿಮಿಟ್‌ರೇಂಜ್‌ನಲ್ಲಿ (ಕಂಟೇನರ್‌ಗಳಿಗೆ ತಾನಾಗಿ ಸೇರುವ ಮಿತಿಗಳು) ಪ್ರತಿ ಕಂಟೇನರ್‌ನ ಡಿಫಾಲ್ಟ್ ರಿಕ್ವೆಸ್ಟ್ (ಕಾಯ್ದಿರಿಸುವ ಪಾಲು) 100 ಮಿಲಿಕೋರ್ ಮತ್ತು 128 ಮೆಬಿಬೈಟ್, ಡಿಫಾಲ್ಟ್ ಮೆಮೊರಿ ಲಿಮಿಟ್ 512 ಮೆಬಿಬೈಟ್. ರಿಸೋರ್ಸ್ ಕೋಟಾದಲ್ಲಿ (ಇಡೀ ನೇಮ್‌ಸ್ಪೇಸ್‌ನ ಮಿತಿ) ಒಟ್ಟು ಸಿಪಿಯು ರಿಕ್ವೆಸ್ಟ್ 4 ಕೋರ್, ಮೆಮೊರಿ ರಿಕ್ವೆಸ್ಟ್ 8 ಗಿಬಿಬೈಟ್, ಮೆಮೊರಿ ಲಿಮಿಟ್ 16 ಗಿಬಿಬೈಟ್, ಪಾಡ್‌ಗಳು 40. ಸಿಪಿಯು ಲಿಮಿಟ್‌ಗೆ ಬೇಕೆಂದೇ ಕೋಟಾ ಹಾಕಿಲ್ಲ: ಹಾಕಿದರೆ ಪ್ರತಿ ಕಂಟೇನರ್‌ಗೂ ಸಿಪಿಯು ಲಿಮಿಟ್ ಕಡ್ಡಾಯವಾಗುತ್ತದೆ, ನೋಡ್ ಖಾಲಿ ಬಿದ್ದಿದ್ದರೂ ಕರ್ನೆಲ್ ಆ ಕಂಟೇನರ್‌ನ ಕತ್ತು ಹಿಸುಕುತ್ತದೆ. ಮೆಮೊರಿಯ ಮಾತು ಬೇರೆ. ಲಿಮಿಟ್ ದಾಟಿದ ಕಂಟೇನರ್ 137 ಎಂಬ ಕೋಡ್‌ನೊಂದಿಗೆ ಸಾಯುತ್ತದೆ. ಲಿಮಿಟ್ಟೇ ಇಲ್ಲದಿದ್ದರೆ ಪಕ್ಕದ ಪಾಡ್‌ಗಳನ್ನೂ ಅಪಾಯಕ್ಕೆ ನೂಕುತ್ತದೆ.

ಲಿಮಿಟ್‌ರೇಂಜ್ ಮೊದಲು ಬರಬೇಕು ಎನ್ನುವುದಕ್ಕೆ ಕಾರಣವಿದೆ. ಕೋಟಾ ಇರುವ ನೇಮ್‌ಸ್ಪೇಸ್‌ನಲ್ಲಿ ರಿಕ್ವೆಸ್ಟ್ ಬರೆಯದ ಪಾಡ್‌ಗೆ ಪ್ರವೇಶವಿಲ್ಲ. ತಿರಸ್ಕಾರಗೊಳ್ಳುವುದು ಪಾಡ್, ಡಿಪ್ಲಾಯ್‌ಮೆಂಟ್ ಅಲ್ಲ. ಆದ್ದರಿಂದ ಟಾಸ್ಕ್ ಆರಾಮಾಗಿ ‘ಚೇಂಜ್ಡ್’ ಎನ್ನುತ್ತದೆ, ಒಳಗೆ ರೆಪ್ಲಿಕಾಸೆಟ್ (ಪಾಡ್‌ಗಳ ಸಂಖ್ಯೆ ಕಾಯುವ ಆಬ್ಜೆಕ್ಟ್) ಪಾಡ್ ಮಾಡಲಾಗದೆ ಒದ್ದಾಡುತ್ತಿರುತ್ತದೆ. ಮೊದಲ ಪ್ಯಾರಾದ ಖಾಲಿ ನೇಮ್‌ಸ್ಪೇಸ್‌ಗೆ ಹೆಚ್ಚಾಗಿ ಇದೇ ಕಾರಣ. ಲಿಮಿಟ್‌ರೇಂಜ್ ಹೊಸ ಪಾಡ್‌ಗಳಿಗೆ ಮಾತ್ರ ಅನ್ವಯಿಸುತ್ತದೆ, ಆಗಲೇ ಓಡುತ್ತಿರುವುದನ್ನು ಮುಟ್ಟುವುದಿಲ್ಲ.

ಡಿಫಾಲ್ಟ್ ಲಿಮಿಟ್‌ನಲ್ಲೇ ಇನ್ನೊಂದು ಬಲೆಯಿದೆ. ಡೆವಲಪರ್ ಒಬ್ಬರು ರಿಕ್ವೆಸ್ಟ್ 1 ಗಿಬಿಬೈಟ್ ಎಂದು ಬರೆದು ಲಿಮಿಟ್ ಬಿಟ್ಟರೆ ಲಿಮಿಟ್‌ರೇಂಜ್ ತನ್ನ 512 ಮೆಬಿಬೈಟ್ ತಂದು ಅಂಟಿಸುತ್ತದೆ. ರಿಕ್ವೆಸ್ಟ್ ಲಿಮಿಟ್‌ಗಿಂತ ದೊಡ್ಡದಾಯಿತು, ಪಾಡ್ ತಿರಸ್ಕೃತ. ಮೆಮೊರಿಗೆ ಎರಡನ್ನೂ ಜೊತೆಯಲ್ಲೇ ಬರೆಯುವ ನಿಯಮ ಮಾಡಿಕೊಳ್ಳಿ.

ಅಳತೆಯ ಅಕ್ಷರದ ಮೇಲೆ ಕಣ್ಣಿರಲಿ. ಸಿಪಿಯುವಿನಲ್ಲಿ ಸಣ್ಣ ‘ಎಂ’ ಎಂದರೆ ಕೋರ್‌ನ ಸಾವಿರದ ಒಂದು ಭಾಗ. ಅದೇ ಸಣ್ಣ ‘ಎಂ’ ಮೆಮೊರಿಯ ಪಕ್ಕ ಬಂದರೆ ಬೈಟ್‌ನ ಸಾವಿರದ ಒಂದು ಭಾಗ! ‘512’ರ ಮುಂದೆ ಸಣ್ಣ ‘ಎಂ’ ಹಾಕಿದರೆ ನೀವು ಕೇಳಿದ್ದು ಅರ್ಧ ಬೈಟ್‌ನ ಆಸುಪಾಸು. ದೊಡ್ಡ ‘ಎಂ’, ಅದರ ಮುಂದೆ ಸಣ್ಣ ‘ಐ’ ಬೇಕು.

ಡಿಪ್ಲಾಯ್‌ಮೆಂಟ್: ಕಾಯುವುದನ್ನು ಕಲಿಸಿ

ಡಿಪ್ಲಾಯ್‌ಮೆಂಟ್ ಟಾಸ್ಕ್‌ಗೆ ‘ವೇಟ್’ ಟ್ರೂ ಎಂದು ಕೊಡಿ. ಆಗ ಮಾಡ್ಯೂಲ್ ಹೊಸ ಪಾಡ್‌ಗಳು ನಿಜವಾಗಿ ಸಿದ್ಧವಾಗುವವರೆಗೆ ಕಾಯುತ್ತದೆ, ಆಗದಿದ್ದರೆ ಟಾಸ್ಕ್ ಸೋಲುತ್ತದೆ. ಕಾಯುವ ಮಿತಿ ತಾನಾಗಿ 120 ಸೆಕೆಂಡ್.

ಆ 120 ಸೆಕೆಂಡ್ ಸಾಕೇ ಎನ್ನುವುದಕ್ಕೆ ಲೆಕ್ಕ ಬೇಕು. 3 ರೆಪ್ಲಿಕಾ (ಒಂದೇ ಪಾಡ್‌ನ ಪ್ರತಿಗಳು) ಇದೆ, ಪ್ರತಿ ಪಾಡ್ ಸಿದ್ಧವಾಗಲು 40 ಸೆಕೆಂಡ್ ಬೇಕು ಎಂದುಕೊಳ್ಳಿ. ಮೊದಲ ಸಲ ಮೂರೂ ಒಟ್ಟಿಗೆ ಏಳುತ್ತವೆ, 40 ಸೆಕೆಂಡ್‌ನಲ್ಲಿ ಮುಗಿಯಿತು. ಎರಡನೇ ಸಲ ಇಮೇಜ್ ಬದಲಿಸಿದಾಗ ರೋಲಿಂಗ್ ಅಪ್‌ಡೇಟ್. ‘ಮ್ಯಾಕ್ಸ್ ಸರ್ಜ್’ (ಹೆಚ್ಚುವರಿಯಾಗಿ ಏಳಬಹುದಾದ ಪಾಡ್‌ಗಳು) ಮತ್ತು ‘ಮ್ಯಾಕ್ಸ್ ಅನ್‌ಅವೈಲಬಲ್’ (ಇಳಿಸಬಹುದಾದ ಪಾಡ್‌ಗಳು) ಎರಡರ ಡಿಫಾಲ್ಟೂ ಶೇ 25. ಮೂರರ ಕಾಲುಭಾಗ ಮುಕ್ಕಾಲು. ಸರ್ಜ್ ಮೇಲಕ್ಕೆ ಪೂರ್ಣಾಂಕವಾಗಿ 1 ಆಗುತ್ತದೆ, ಅನ್‌ಅವೈಲಬಲ್ ಕೆಳಕ್ಕೆ ಇಳಿದು 0 ಆಗುತ್ತದೆ. ಅಂದರೆ ಪಾಡ್‌ಗಳು ಒಂದಾದ ಮೇಲೊಂದು ಬದಲಾಗುತ್ತವೆ: 40 ಇಂಟು 3, ಸರಿಯಾಗಿ 120. ಮೊದಲ ದಿನ ಗೆದ್ದ ಪ್ಲೇಬುಕ್ ಮುಂದಿನ ವಾರ ಕಾರಣವಿಲ್ಲದೆ ಸೋತಂತೆ ಕಾಣುವುದು ಹೀಗೆ. ‘ವೇಟ್_ಟೈಮ್‌ಔಟ್’ 300 ಇಡಿ. ಇಮೇಜ್ ದೊಡ್ಡದಿದ್ದರೆ ಇನ್ನೂ ಹೆಚ್ಚು.

ಇದೇ ಲೆಕ್ಕ ಕೋಟಾಕ್ಕೂ ತಟ್ಟುತ್ತದೆ. ಪ್ರತಿ ಪಾಡ್ 500 ಮಿಲಿಕೋರ್ ಕೇಳುತ್ತದೆ, ಮೂರಕ್ಕೆ ಒಂದೂವರೆ ಕೋರ್ ಎಂದು ಕೋಟಾವನ್ನು ಕರಾರುವಾಕ್ಕಾಗಿ ಒಂದೂವರೆ ಕೋರ್‌ಗೆ ಕಟ್ಟಿದರೆ ಅಪ್‌ಡೇಟ್ ಪೂರ್ತಿ ಸಿಕ್ಕಿಹಾಕಿಕೊಳ್ಳುತ್ತದೆ. ಹೊಸ ನಾಲ್ಕನೆಯ ಪಾಡ್‌ಗೆ ಜಾಗವಿಲ್ಲ, ಹಳೆಯದನ್ನು ಇಳಿಸಲು ಅನುಮತಿಯಿಲ್ಲ. ಕೋಟಾದಲ್ಲಿ ಯಾವಾಗಲೂ ಸರ್ಜ್‌ನಷ್ಟು ಖಾಲಿ ಬಿಡಿ.

‘ವೇಟ್’ ಎಲ್ಲಕ್ಕೂ ತಾನಾಗಿ ಅರ್ಥವಾಗುವುದಿಲ್ಲ. ಪಾಡ್, ಡಿಪ್ಲಾಯ್‌ಮೆಂಟ್, ಡೀಮನ್‌ಸೆಟ್, ಸ್ಟೇಟ್‌ಫುಲ್‌ಸೆಟ್‌ಗಳು ಯಾವಾಗ ಸಿದ್ಧ ಎಂದು ಮಾಡ್ಯೂಲ್‌ಗೆ ಗೊತ್ತು. ಒಮ್ಮೆ ಓಡಿ ಮುಗಿಯುವ ಜಾಬ್‌ಗೆ ‘ವೇಟ್_ಕಂಡಿಷನ್’ನಲ್ಲಿ ‘ಕಂಪ್ಲೀಟ್’ ಎಂದು ನೀವೇ ಹೇಳಬೇಕು. ಕಸ್ಟಮ್ ರಿಸೋರ್ಸ್ ಡೆಫಿನಿಷನ್ (ಹೊಸ ಬಗೆಯ ಆಬ್ಜೆಕ್ಟ್‌ನ ವ್ಯಾಖ್ಯೆ) ಹಾಕಿದರೆ ‘ಎಸ್ಟಾಬ್ಲಿಶ್ಡ್’ ಆಗುವವರೆಗೆ ಕಾದು ಆಮೇಲೆ ಆ ಬಗೆಯ ಆಬ್ಜೆಕ್ಟ್ ಕಳಿಸಿ. ಇಲ್ಲದಿದ್ದರೆ ‘ಈ ಕೈಂಡ್ ಗೊತ್ತಿಲ್ಲ’ ಎಂಬ ಉತ್ತರ ಬರುತ್ತದೆ, ಮತ್ತೊಮ್ಮೆ ಓಡಿಸಿದರೆ ಮಾಯವಾಗುತ್ತದೆ. ಮರಳಿ ಓಡಿಸಿದಾಗ ತಾನಾಗಿ ಸರಿಹೋಗುವ ಪ್ಲೇಬುಕ್ ಸರಿಯಾದ ಪ್ಲೇಬುಕ್ ಅಲ್ಲ.

ಸೋತಾಗ ಕಾರಣ ಕೂಡಲೇ ಕಾಣುವಂತಿರಲಿ. ಡಿಪ್ಲಾಯ್‌ಮೆಂಟ್ ಟಾಸ್ಕ್ ಅನ್ನು ‘ಬ್ಲಾಕ್’ ಒಳಗಿಟ್ಟು, ‘ರೆಸ್ಕ್ಯೂ’ನಲ್ಲಿ ‘ಕೆ8ಎಸ್_ಇನ್ಫೋ’ ಬಳಸಿ ಆ ನೇಮ್‌ಸ್ಪೇಸ್‌ನ ಈವೆಂಟ್‌ಗಳನ್ನು ತಂದು ಮುದ್ರಿಸಿ, ಕೊನೆಯಲ್ಲಿ ‘ಫೇಲ್’ ಮಾಡಿ. ಆ ಕೊನೆಯ ‘ಫೇಲ್’ ಮರೆತರೆ ರೆಸ್ಕ್ಯೂ ಗೆದ್ದಂತಾಗಿ ಸಿಐ ಹಸಿರು ತೋರಿಸುತ್ತದೆ. ‘ಕೆ8ಎಸ್_ಇನ್ಫೋ’ಗೆ ಹುಡುಕಿದ್ದು ಸಿಗದಿದ್ದರೂ ಅದು ಸೋಲುವುದಿಲ್ಲ, ಖಾಲಿ ಪಟ್ಟಿ ಕೊಡುತ್ತದೆ ಎನ್ನುವುದೂ ನೆನಪಿರಲಿ. ಪಟ್ಟಿಯ ಉದ್ದವನ್ನು ನೀವೇ ನೋಡಬೇಕು.

ಸಂಖ್ಯೆ, ಸ್ಟ್ರಿಂಗ್ ಗೊಂದಲ

‘ಡೆಫಿನಿಷನ್’ ಒಳಗೆ ನೇರವಾಗಿ ರೆಪ್ಲಿಕಾಸ್‌ಗೆ ಜಿಂಜಾ (ಆನ್ಸಿಬಲ್‌ನ ಟೆಂಪ್ಲೇಟ್ ಭಾಷೆ) ವೇರಿಯಬಲ್ ಕೊಟ್ಟರೆ ಹಳೆಯ ಆನ್ಸಿಬಲ್‌ಗಳಲ್ಲಿ ಅದು ಸ್ಟ್ರಿಂಗ್ ಆಗಿ ಹೋಗುತ್ತದೆ, ‘ಇಂಟ್’ ಫಿಲ್ಟರ್ ಹಾಕಿದರೂ ಅಷ್ಟೆ. ಎಪಿಐ ಸರ್ವರ್ 400 (ತಪ್ಪು ವಿನಂತಿ) ಎಂದು ವಾಪಸ್ ಕಳಿಸುತ್ತದೆ. ಯಾಮಲ್ ಅನ್ನು ಪ್ರತ್ಯೇಕ ಟೆಂಪ್ಲೇಟ್ ಫೈಲಿನಲ್ಲಿಟ್ಟರೆ ಮೊದಲು ಅಕ್ಷರ ತುಂಬಿ ಆಮೇಲೆ ಯಾಮಲ್ ಆಗಿ ಓದುವುದರಿಂದ 3 ಸಂಖ್ಯೆಯಾಗಿಯೇ ಉಳಿಯುತ್ತದೆ. ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಿಗೆ ತದ್ವಿರುದ್ಧ: ಟ್ರೂ ಆಗಲಿ 8080 ಆಗಲಿ, ಕೋಟ್ ಹಾಕಿ ಸ್ಟ್ರಿಂಗ್ ಮಾಡಲೇಬೇಕು.

ಅಳಿಸಿದ್ದು ಅಳಿಯುವುದಿಲ್ಲ

ಮಾಡಿದ್ದನ್ನು ಫೈಲಿನಲ್ಲಿ ನೆನಪಿಡುವ ಟೆರಾಫಾರ್ಮ್ ಸಾಧನದಿಂದ ಬಂದವರು ಎಡವುವುದು ಇಲ್ಲೇ. ಆನ್ಸಿಬಲ್‌ಗೆ ನೆನಪಿನ ಫೈಲ್ ಇಲ್ಲ. ಒಂದು ಸರ್ವಿಸ್‌ನ ಯಾಮಲ್ ಅನ್ನು ರೆಪೊದಿಂದ ತೆಗೆದರೆ ಕ್ಲಸ್ಟರ್‌ನಲ್ಲಿ ಅದು ಹಾಗೇ ಇರುತ್ತದೆ. ‘ಸ್ಟೇಟ್’ ಆಬ್ಸೆಂಟ್ ಎಂದು ಒಂದು ಟಾಸ್ಕ್ ಬರೆದು, ಎಲ್ಲ ಕ್ಲಸ್ಟರ್‌ಗಳಲ್ಲೂ ಓಡಿದ ಮೇಲೆ ಆ ಟಾಸ್ಕ್ ತೆಗೆಯಿರಿ.

ಒಂದೇ ಆಬ್ಜೆಕ್ಟಿನ ಒಳಗೂ ಹೀಗೆಯೇ. ಸುಮ್ಮನೆ ಪ್ರೆಸೆಂಟ್ ಎಂದರೆ ಮಾಡ್ಯೂಲ್ ಪ್ಯಾಚ್ ಮಾಡುತ್ತದೆ: ಇರುವುದಕ್ಕೆ ಸೇರಿಸುತ್ತದೆ, ಬದಲಿಸುತ್ತದೆ, ನೀವು ಬಿಟ್ಟಿದ್ದನ್ನು ಅಳಿಸುವುದಿಲ್ಲ. ಯಾಮಲ್‌ನಿಂದ ಎನ್ವಿರಾನ್‌ಮೆಂಟ್ ವೇರಿಯಬಲ್ ತೆಗೆದರೂ ಪಾಡ್‌ನಲ್ಲಿ ಅದು ಜೀವಂತ. ‘ಅಪ್ಲೈ’ ಟ್ರೂ ಕೊಟ್ಟರೆ ಕಳೆದ ಸಲ ಕಳಿಸಿದ್ದನ್ನು ಆನೋಟೇಶನ್‌ನಲ್ಲಿ ಇಟ್ಟುಕೊಂಡು ಹೋಲಿಸುತ್ತದೆ, ಆಗ ಅಳಿಯುತ್ತದೆ. ಮೊದಲ ದಿನದಿಂದಲೇ ‘ಅಪ್ಲೈ’ ಬಳಸಿ. ನಡುವೆ ಶುರು ಮಾಡಿದರೆ ಹಳೆಯ ಆನೋಟೇಶನ್ ಇರುವುದಿಲ್ಲ, ಅದಕ್ಕೂ ಮುಂಚೆ ಸೇರಿದ ಕಸ ಉಳಿಯುತ್ತದೆ.

ಹಾರಿಜಾಂಟಲ್ ಪಾಡ್ ಆಟೋಸ್ಕೇಲರ್ (ದಟ್ಟಣೆಗೆ ತಕ್ಕಂತೆ ಪಾಡ್‌ಗಳ ಸಂಖ್ಯೆ ಬದಲಿಸುವುದು) ಇದ್ದರೆ ಡಿಪ್ಲಾಯ್‌ಮೆಂಟ್ ಯಾಮಲ್‌ನಲ್ಲಿ ‘ರೆಪ್ಲಿಕಾಸ್’ ಬರೆಯಲೇಬೇಡಿ. ದಟ್ಟಣೆಯ ಹೊತ್ತಿನಲ್ಲಿ ಅದು 12ಕ್ಕೆ ಏರಿಸಿರುತ್ತದೆ, ನಿಮ್ಮ ಪ್ಲೇಬುಕ್ ಬಂದು 3ಕ್ಕೆ ಇಳಿಸುತ್ತದೆ.

ಡಿಪ್ಲಾಯ್‌ಮೆಂಟ್‌ನ ಸೆಲೆಕ್ಟರ್, ಜಾಬ್‌ನ ಪಾಡ್ ಟೆಂಪ್ಲೇಟ್ ಬದಲಿಸಲಾಗದ ಭಾಗಗಳು; ಬದಲಿಸಲು ಹೋದರೆ 422 ಎಂಬ ದೋಷ ಬರುತ್ತದೆ. ‘ಫೋರ್ಸ್’ ಕೊಟ್ಟರೂ ಉಪಯೋಗವಿಲ್ಲ, ಅದು ಅಳಿಸಿ ಮತ್ತೆ ಮಾಡುವುದಲ್ಲ, ಇರುವುದರ ಮೇಲೆ ಪೂರ್ತಿ ಬರೆಯುವ ಯತ್ನ. ಜಾಬ್‌ನ ಹೆಸರಿಗೆ ಆವೃತ್ತಿ ಸೇರಿಸುವುದು ಸುಲಭ ದಾರಿ.

ಓಡಿಸುವ ಮುನ್ನ ನೋಡುವುದು

‘ಚೆಕ್’ ಮತ್ತು ‘ಡಿಫ್’ ಎರಡೂ ಆಯ್ಕೆ ಕೊಟ್ಟು ಓಡಿಸಿದರೆ ಬದಲಾವಣೆ ಏನೆಂದು ಕಾಣುತ್ತದೆ. ಹೊಸ ನೇಮ್‌ಸ್ಪೇಸ್ ಇದ್ದಾಗ ಮಾತ್ರ ಇದು ಎಡವುತ್ತದೆ: ಒಣ ಓಟದಲ್ಲಿ (ನಿಜವಾಗಿ ಏನನ್ನೂ ಬದಲಿಸದ ಪರೀಕ್ಷೆ) ನೇಮ್‌ಸ್ಪೇಸ್ ಉಳಿಯುವುದಿಲ್ಲ, ಅದರೊಳಗಿನ ಆಬ್ಜೆಕ್ಟ್‌ಗೆ 404 ಬರುತ್ತದೆ. ಸೀಕ್ರೆಟ್ ಟಾಸ್ಕ್‌ಗಳಿಗೆ ‘ನೋ_ಲಾಗ್’ ಹಾಕಿ. ಡಿಫ್‌ನಲ್ಲಿ ಕಾಣುವ ಬೇಸ್64 ಗುಪ್ತಲಿಪಿಯೇನಲ್ಲ. ಮೂಲ ಬೆಲೆಗಳು ಆನ್ಸಿಬಲ್ ವಾಲ್ಟ್‌ನಲ್ಲಿರಲಿ.

ನೋಡ್ ಖಾಲಿ ಮಾಡುವುದು

‘ಕೆ8ಎಸ್_ಡ್ರೇನ್’ಗೆ ಕಾರ್ಡನ್ (ಹೊಸ ಪಾಡ್ ಬಾರದಂತೆ ತಡೆ), ಡ್ರೇನ್ (ಇರುವ ಪಾಡ್‌ಗಳ ತೆರವು), ಅನ್‌ಕಾರ್ಡನ್ (ತಡೆ ತೆಗೆಯುವುದು) ಎಂಬ ಮೂರು ಸ್ಥಿತಿಗಳು. ಡೀಮನ್‌ಸೆಟ್ ಪಾಡ್‌ಗಳು ಎಲ್ಲ ನೋಡ್‌ಗಳಲ್ಲೂ ಇರುವುದರಿಂದ ‘ಇಗ್ನೋರ್_ಡೀಮನ್‌ಸೆಟ್ಸ್’ ಕೊಡದೆ ಡ್ರೇನ್ ಮುಂದೆ ಸಾಗುವುದಿಲ್ಲ. ‘ವೇಟ್_ಟೈಮ್‌ಔಟ್’ ಕೂಡ ಕೊಡಿ. ಒಂದು ಸಲಕ್ಕೆ ಒಂದೇ ನೋಡ್, ಅದು ಮರಳಿ ‘ರೆಡಿ’ ಆಗಿದೆ ಎಂದು ‘ಕೆ8ಎಸ್_ಇನ್ಫೋ’ದಿಂದ ಖಚಿತಪಡಿಸಿಕೊಂಡ ಮೇಲೆ ಮುಂದಿನದು.

ಡ್ರೇನ್ ಗಂಟೆಗಟ್ಟಲೆ ನಿಂತರೆ ಪಾಡ್ ಡಿಸ್ರಪ್ಷನ್ ಬಜೆಟ್ (ಎಷ್ಟು ಪಾಡ್‌ಗಳು ಉಳಿಯಲೇಬೇಕೆಂಬ ನಿಯಮ) ನೋಡಿ. 3 ರೆಪ್ಲಿಕಾ ಇರುವ ಸೇವೆಗೆ ‘ಕನಿಷ್ಠ 3 ಇರಬೇಕು’ ಎಂದು ಯಾರೋ ಬರೆದಿರುತ್ತಾರೆ. ಅದರರ್ಥ ಒಂದನ್ನೂ ತೆರವು ಮಾಡುವಂತಿಲ್ಲ. ಎವಿಕ್ಷನ್ (ಬಜೆಟ್ ನೋಡಿ ತೆರವು ಮಾಡುವ ಕ್ರಮ) ತಪ್ಪಿಸಿ ನೇರ ಅಳಿಸುವ ಆಯ್ಕೆ ಮಾಡ್ಯೂಲ್‌ನಲ್ಲಿದೆ, ಆದರೆ ಸೇವೆಯ ಮಾಲೀಕರಿಗೆ ಹೇಳದೆ ಅದನ್ನು ಮುಟ್ಟಬೇಡಿ. ಬಜೆಟ್ಟನ್ನು 2ಕ್ಕೆ ಇಳಿಸಿಸುವುದು ಸರಿಯಾದ ದಾರಿ.